ದಾನ ಎಣಿಸುತ್ತೇವೆ, ಪಾಲನೆ ಅಳೆಯುತ್ತೇವೆಯೇ? ಶಾಸನದ ಕಣ್ಣಿನಲ್ಲಿ ಭೂನ್ಯಾಯಮಂಡಳಿ

ಹೋದ ಮಳೆಗಾಲದಲ್ಲಿ ನನ್ನ ಸೋದರಮಾವ ಮಂಗಳೂರಿನ ನಮ್ಮ ಮನೆಗೆ ಬಂದವರು ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿಟ್ಟರು. "ನೀನು ಸಾವಿರ ವರ್ಷ ಹಿಂದಿನ ಕಲ್ಲು ಓದ್ತಿ ಅಲ್ವಾ, ಇದನ್ನೊಮ್ಮೆ ಓದಿ ಹೇಳು ಮಾರಾಯ. ಇದಕ್ಕೆ ಐವತ್ತು ವರ್ಷ ಸಹ ಆಗ್ಲಿಲ್ಲ, ಆದ್ರೂ ಯಾರಿಗೂ ಅರ್ಥ ಆಗುದಿಲ್ಲ" ಅಂದರು.

ಚೀಲದೊಳಗೆ ಇದ್ದದ್ದು ಅಜ್ಜನ ಹೆಸರಿನ ಭೂನ್ಯಾಯಮಂಡಳಿ ಆದೇಶ, ನಮೂನೆ 10ರ ಪ್ರಮಾಣಪತ್ರ, ಸ್ಥಳ ಮಹಜರಿನ ಮಸುಕಾದ ಕಾರ್ಬನ್ ಪ್ರತಿ, ಜೊತೆಗೆ ಮೊನ್ನೆ ಮೊನ್ನೆ ತೆಗೆಸಿದ ಪಹಣಿ. ಆದೇಶದಲ್ಲಿ ಅಜ್ಜನಿಗೆ ಸಿಕ್ಕಿದ್ದು 1 ಎಕ್ರೆ 38 ಸೆಂಟ್ಸ್. ಪಹಣಿಯಲ್ಲಿ ಇರುವುದು 1 ಎಕ್ರೆ 12 ಸೆಂಟ್ಸ್. ಉಳಿದ 26 ಸೆಂಟ್ಸ್ ಬೆಟ್ಟು ಗದ್ದೆ ಈಗಲೂ ಹಳೆಯ ವರ್ಗದಾರರ ಹೆಸರಿನಲ್ಲೇ ಉಂಟು. ಬೇಸಾಯ ಮಾತ್ರ ಅಂದಿನಿಂದ ಇಂದಿನವರೆಗೆ ನಮ್ಮವರದ್ದೇ. ಈಗ ಮಾವನ ಮಗಳು ಅಲ್ಲಿ ಮನೆ ಕಟ್ಟಬೇಕು, ಬ್ಯಾಂಕಿನವರು ಪಹಣಿ ಕೇಳುತ್ತಾರೆ.

ನನಗೆ ಆ ಕ್ಷಣ ಹೊಳೆದದ್ದು ಇದು: ಭೂನ್ಯಾಯಮಂಡಳಿಯ ಪ್ರಗತಿ ವರದಿಯಲ್ಲಿ ಅಜ್ಜನ ಅರ್ಜಿ "ಇತ್ಯರ್ಥವಾಗಿದೆ" ಎಂಬ ಪಟ್ಟಿಯಲ್ಲಿ ಇರುತ್ತದೆ, "ಅಧಿಭೋಗದ ಹಕ್ಕು ನೀಡಲಾಗಿದೆ" ಎಂಬ ಪಟ್ಟಿಯಲ್ಲೂ ಇರುತ್ತದೆ. ವರದಿಯ ಮಟ್ಟಿಗೆ ಅದು ಯಶಸ್ಸು. ಹಾಗಾದರೆ ಭೂಮಿಯ ಕೆಲಸ ಮಾಡುವ ಒಂದು ಸಂಸ್ಥೆ ಚೆನ್ನಾಗಿ ಕೆಲಸ ಮಾಡಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ಶಾಸನ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ, ಬಹುಪಾಲು ಶಾಸನಗಳು ಭೂಮಿಯ ಕಾಗದಗಳೇ ತಾನೇ. ಕನ್ನಡದಲ್ಲಿ ಕಲ್ಲಿನ ಬರಹಕ್ಕೂ ಸರ್ಕಾರದ ಕಾಯ್ದೆಗೂ "ಶಾಸನ" ಎಂಬ ಒಂದೇ ಹೆಸರು ಇರುವುದೂ ಸುಮ್ಮನೆ ಅಲ್ಲ.

ಶಾಸನದೊಳಗೇ ಇರುವ ತಪಾಸಣೆ

ದಾನಶಾಸನವನ್ನು ನಾವು ಸಾಮಾನ್ಯವಾಗಿ ರಾಜನ ಹೆಸರು, ಬಿರುದು, ಶಕವರ್ಷಕ್ಕಾಗಿ ಓದುತ್ತೇವೆ. ಆ ಸಾಲುಗಳನ್ನು ದಾಟಿ ಮುಂದೆ ಹೋದರೆ ಅಲ್ಲಿ ಸಿಗುವುದು ಒಂದು ಆಡಳಿತ ಪತ್ರ. ಕೊಟ್ಟವರು ಯಾರು, ಯಾರ ಆಳ್ವಿಕೆಯಲ್ಲಿ, ಯಾರ ಎದುರಿನಲ್ಲಿ, ಎಷ್ಟು ಭೂಮಿ, ನಾಲ್ಕು ದಿಕ್ಕಿನ ಗಡಿ ಏನು, ಅದರ ಹುಟ್ಟುವಳಿಯಿಂದ ವರ್ಷಕ್ಕೆ ಯಾವ ಕೆಲಸ ನಡೆಯಬೇಕು, ಅದನ್ನು ಯಾರು ನೋಡಿಕೊಳ್ಳಬೇಕು, ತಪ್ಪಿದರೆ ಏನು. ಹೀಗೆ ಒಂದೊಂದಾಗಿ ಬರುತ್ತದೆ.

ತುಳುನಾಡಿನ ಶಾಸನಗಳಲ್ಲಿ ಇದಕ್ಕೆ ನಮ್ಮದೇ ಬಣ್ಣ ಉಂಟು. ಭೂಮಿಯ ಅಳತೆ ಹಲವು ಕಡೆ ಉದ್ದಗಲದಲ್ಲಿ ಇಲ್ಲ, ಎಷ್ಟು ಮೂಡೆ ಬೀಜ ಬಿತ್ತುವ ಗದ್ದೆ ಎಂಬ ಲೆಕ್ಕದಲ್ಲಿ ಇದೆ. ಗೇಣಿ ಅಕ್ಕಿ ಮೂಡೆಯಲ್ಲಿ, ಹಣ ಗದ್ಯಾಣದಲ್ಲಿ. ವಿಜಯನಗರದ ಕಾಲಕ್ಕೆ ಬಂದರೆ ಬಾರಕೂರು ಗದ್ಯಾಣ, ಮಂಗಲೂರು ಗದ್ಯಾಣ ಎಂದು ಬೇರೆ ಬೇರೆ ಹೆಸರು, ಯಾಕೆಂದರೆ ಬಾರಕೂರು ರಾಜ್ಯ ಮತ್ತು ಮಂಗಲೂರು ರಾಜ್ಯ ಎಂದು ಕರಾವಳಿಗೆ ಎರಡು ಆಡಳಿತ ಕೇಂದ್ರ ಇದ್ದವು. ಮೇಲ್ವಿಚಾರಣೆಗೆ ಊರಿನ "ಹಲರು", ಕೇರಿಯವರು, ದೇವಸ್ಥಾನದವರು. ಕೊಟ್ಟವನು ಅರಸನೋ ಅಧಿಕಾರಿಯೋ ಇರಬಹುದು, ಕಾಯುವವರು ಮಾತ್ರ ಸ್ಥಳದವರು.

ಇದು ಹಳೆಯ ಪದ್ಧತಿ. ಉಡುಪಿ ಜಿಲ್ಲೆಯ ಬೆಳ್ಮಣ್ಣಿನಲ್ಲಿ ಸಿಕ್ಕಿದ 8ನೇ ಶತಮಾನದ ಆಳುಪರ ತಾಮ್ರಪಟವನ್ನು ಕನ್ನಡದ ಅತಿ ಹಳೆಯ ತಾಮ್ರಶಾಸನವೆಂದು ನಾವೆಲ್ಲ ಉಲ್ಲೇಖಿಸುತ್ತೇವೆ. ಲಿಪಿ, ಭಾಷೆಗಾಗಿ ಅದು ಪ್ರಸಿದ್ಧ. ನನಗೆ ಅದರಲ್ಲಿ ಇಷ್ಟವಾದದ್ದು ಬೇರೆ: ಅದರಲ್ಲಿ ಅರಸನ ಎದುರಿಗೆ ಒಂದು ಊರಿನ ಸಭೆ ನಿಂತಿದೆ. ಕೊಟ್ಟದ್ದನ್ನು ನಡೆಸಿಕೊಂಡು ಹೋಗಲು ಅರಸನ ನಂತರವೂ ಬಾಳುವ ಒಂದು ಸಂಸ್ಥೆ ಬೇಕು ಎಂಬ ತಿಳಿವಳಿಕೆ ಅಂದೇ ಇತ್ತು.

ಶಾಸನದ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳನ್ನು ನಾವು "ಮಾಮೂಲಿ" ಎಂದು ಬಿಟ್ಟುಬಿಡುತ್ತೇವೆ. ಕೊಟ್ಟ ಭೂಮಿ ಕಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಬರುವ ಇನ್ನೊಂದು ಶ್ಲೋಕದ ತಾತ್ಪರ್ಯ ಹೀಗಿದೆ: ದಾನ ಮತ್ತು ಪಾಲನೆ, ಇವೆರಡರಲ್ಲಿ ಪಾಲನೆಯೇ ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಎಂದೂ ಜಾರದ ಪದವಿ. ನೂರಾರು ಶಾಸನಗಳಲ್ಲಿ ಇದನ್ನು ಕೊರೆಸಿದ್ದಾರೆ. ಕೊಡುವುದು ಒಂದು ದಿನದ ಕೆಲಸ, ಕಾಪಾಡುವುದು ಪ್ರತಿವರ್ಷದ್ದು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಸಂಸ್ಥೆ ಎಷ್ಟು ಆದೇಶ ಹೊರಡಿಸಿತು ಎನ್ನುವುದು ದಾನದ ಲೆಕ್ಕ. ಆ ಆದೇಶ ನೆಲದ ಮೇಲೆ ನಿಂತಿತೇ ಎನ್ನುವುದು ಪಾಲನೆಯ ಲೆಕ್ಕ.

ಹಳೆಯ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ನಿಂತುಹೋದ ಧರ್ಮವನ್ನು ಮತ್ತೆ ನಡೆಸುವಂತೆ ಮಾಡಿದ ಪುನರ್ದಾನ ಶಾಸನಗಳು ಬೇಕಾದಷ್ಟಿವೆ, ಅಂದರೆ ಪಾಲನೆ ತಪ್ಪುತ್ತಲೂ ಇತ್ತು. ಅದಕ್ಕಿಂತ ದೊಡ್ಡ ಕೊರತೆ, ಗದ್ದೆಗೆ ಇಳಿದು ದುಡಿಯುವ ಒಕ್ಕಲಿನ ಹೆಸರು ಹೆಚ್ಚಿನ ಶಾಸನಗಳಲ್ಲಿ ಇಲ್ಲ. ಭೂಮಿ ಕೈಯಿಂದ ಕೈಗೆ ಹೋಗುತ್ತದೆ, ಉಳುವವನು ಗಡಿಕಲ್ಲಿನ ಹಾಗೆ ಅಲ್ಲೇ ಇರುತ್ತಾನೆ, ಹೆಸರಿಲ್ಲದೆ. 1974ರ ಕಾಯ್ದೆ ತುಂಬಲು ಹೊರಟದ್ದು ಇದೇ ಖಾಲಿ ಜಾಗವನ್ನು.

ಕಲ್ಲು ಮತ್ತು ಕಡತ

ಅದಕ್ಕೆ ಹೋಗುವ ಮೊದಲು ನಡುವಿನ ಒಂದು ಕೊಂಡಿ ನೋಡಬೇಕು. ಕಲ್ಲು, ತಾಮ್ರ ಅಳಿಸಲಾಗದವು, ಹಾಗಾಗಿ ಹಕ್ಕಿಗೆ ಒಳ್ಳೆಯದು. ವರ್ಷ ವರ್ಷ ಬದಲಾಗುವ ಲೆಕ್ಕಕ್ಕೆ ಅವು ಆಗುವುದಿಲ್ಲ. ಅದಕ್ಕೆ ಇದ್ದದ್ದು ಕಡತ: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕ. ಒರೆಸಿ ಮತ್ತೆ ಬರೆಯಬಹುದು. ಇಂದಿನ ಹೋಲಿಕೆ ಕೊಡುವುದಾದರೆ ತಾಮ್ರಪಟ ಅಜ್ಜನ ನಮೂನೆ 10 ಇದ್ದ ಹಾಗೆ, ಕಡತ ಪಹಣಿ ಇದ್ದ ಹಾಗೆ. ಎರಡೂ ಒಂದನ್ನೇ ಹೇಳಿದರೆ ಭೂಮಿ ಗಟ್ಟಿ. ಬೇರೆ ಬೇರೆ ಹೇಳಿದರೆ ಜಗಳ.

ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಕೆನರಾ ಜಿಲ್ಲೆಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕಂದಾಯ ನಿಗದಿ ಮಾಡಲು ಹಿಡಿದದ್ದು ಈ ಕಪ್ಪು ಪುಸ್ತಕಗಳನ್ನೇ. ವಿಜಯನಗರದ ಕಾಲಕ್ಕೆ ಹೋಗುವ "ರೇಖೆ", ಅದರ ಮೇಲೆ ಇಕ್ಕೇರಿ ಅರಸರು ಏರಿಸಿದ್ದು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಸೇರಿದ್ದು, ಹೀಗೆ ಪದರ ಪದರವಾಗಿ ಬಿಡಿಸಿ ನೋಡಿ 1800ರಲ್ಲಿ ವರದಿ ಬರೆದ. ಹಿಂದಿನ ಆಡಳಿತಗಳನ್ನು ಅವುಗಳದೇ ಲೆಕ್ಕದಿಂದ ಅಳೆದ ಕೆಲಸ ಅದು.

ಮಂಗಳೂರಿನವರಿಗೆ ಇನ್ನೂ ಹತ್ತಿರದ ಕತೆ 1830-31ರದ್ದು. ಕದ್ರಿ ಎಂದರೆ ನಮ್ಮಂಥವರಿಗೆ ಮೊದಲು ನೆನಪಾಗುವುದು ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿರುವ, ಆಳುಪ ಕುಂದವರ್ಮನ 968ರ ಶಾಸನ. ಅದೇ ಕದ್ರಿ ದೇವಸ್ಥಾನದಲ್ಲಿ ಆ ವರ್ಷ ರೈತರು ಕೂಟ ಸೇರಿದರು. ಧಾನ್ಯದ ಬೆಲೆ ಕುಸಿದಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. ಊರೂರಿನಲ್ಲಿ ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಎಂದರು. ಕಂಪೆನಿ ಸರ್ಕಾರ ವಿಚಾರಣೆ ಮಾಡಿಸಿತು. 1833ರಲ್ಲಿ ಸ್ಟೋಕ್ಸ್ ಎಂಬ ಅಧಿಕಾರಿ ಕಂದಾಯ ಮಂಡಳಿಗೆ ಕೊಟ್ಟ ವರದಿಯ ಸಾರ ಇಷ್ಟು: ಕಂದಾಯ ಒಟ್ಟಾರೆ ಹಗುರವಾಗಿಯೇ ಇದೆ, ಗಲಭೆಗೆ ಕಚೇರಿಯೊಳಗಿನ ಅಧಿಕಾರಿಗಳ ಒಳಜಗಳ ಮತ್ತು ಕುಮ್ಮಕ್ಕು ಕಾರಣ.

ಒಟ್ಟಾರೆ. ಈ ಪದ ಗಮನಿಸಿ. ಒಳ್ಳೆಯ ಬೈಲು ಗದ್ದೆಯವನ ಹಗುರ ತೀರ್ವೆಯನ್ನೂ ಬೆಟ್ಟು ಗದ್ದೆಯವನ ಭಾರ ತೀರ್ವೆಯನ್ನೂ ಕೂಡಿಸಿ ಭಾಗಿಸಿದರೆ ಉತ್ತರ "ಹಗುರ" ಎಂದೇ ಬರಬಹುದು. ಕೂಟಕ್ಕೆ ಬಂದವನು ಸರಾಸರಿ ರೈತನಲ್ಲ, ಅವನಿಗೆ ಒಂದು ನಿರ್ದಿಷ್ಟ ಗದ್ದೆ ಇತ್ತು. ಭೂಮಿಯ ವಿಷಯದಲ್ಲಿ ಸರಾಸರಿ ತೆಗೆದ ಮೌಲ್ಯಮಾಪನ ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಇರುವ ಹಳೆಯ ಪಾಠ ಇದು.

ಭೂನ್ಯಾಯಮಂಡಳಿ: ಕೊಟ್ಟದ್ದರ ಲೆಕ್ಕ

ಈಗ ಅಜ್ಜನ ಕಾಗದಕ್ಕೆ ಬರೋಣ. ದಕ್ಷಿಣ ಕನ್ನಡದಲ್ಲಿ ವರ್ಗದಾರರ ಕೆಳಗೆ ಎರಡು ಬಗೆಯ ಗೇಣಿದಾರರು ಮುಖ್ಯವಾಗಿ ಇದ್ದರು. ಮೂಲಗೇಣಿಯವರದು ಕಾಯಂ ಹಕ್ಕು, ನಿಗದಿಯಾದ ಗೇಣಿ. ಚಾಲಗೇಣಿಯವರದು ಧಣಿ ಬೇಡ ಎಂದರೆ ಎದ್ದು ಹೋಗಬೇಕಾದ ಸ್ಥಿತಿ. ನಮ್ಮ ಅಜ್ಜ ಚಾಲಗೇಣಿ ಒಕ್ಕಲು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕು. ಅರ್ಜಿಯ ಕೊನೆಯ ದಿನವನ್ನು ಮುಂದೂಡಿ ಮುಂದೂಡಿ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ತೀರ್ಮಾನ ಮಾಡಲು ತಾಲೂಕಿಗೊಂದು ಭೂನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ವಕೀಲರಿಗೆ ಅಲ್ಲಿ ಜಾಗ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಒಪ್ಪದವರು ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು, 1990ರಲ್ಲಿ ಹೋಯಿತು. ರಾಜ್ಯದಾದ್ಯಂತ ಬಂದ ಅರ್ಜಿ ಎಂಟು ಲಕ್ಷಕ್ಕೂ ಹೆಚ್ಚು. ಗೇಣಿ ಪದ್ಧತಿ ದಟ್ಟವಾಗಿದ್ದ ನಮ್ಮ ಜಿಲ್ಲೆಯದು ಅದರಲ್ಲಿ ದೊಡ್ಡ ಪಾಲು.

ಇದು ಸಣ್ಣ ಕೆಲಸ ಅಲ್ಲ. ಮೂಡೆ ಅಕ್ಕಿ ಹೊತ್ತು ಧಣಿಯ ಅಂಗಳದಲ್ಲಿ ಅಳೆದು ಕೊಡುತ್ತಿದ್ದವರ ಮಕ್ಕಳು ಶಾಲೆಗೆ ಹೋದದ್ದು, ಮನೆಗೆ ಹಂಚು ಬಂದದ್ದು ಆ ಆದೇಶದ ಬಲದಿಂದ. ನಾನು ಈ ಬರಹ ಬರೆಯುವಷ್ಟು ಓದಿದ್ದೂ ಅದರಿಂದಲೇ. ದಾನದ ಲೆಕ್ಕದಲ್ಲಿ ದಕ್ಷಿಣ ಕನ್ನಡ ಮುಂದಿದೆ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಮಂಡಳಿಗಳ ಸಾಧನೆಯನ್ನು ಅಳೆದದ್ದು ನಾಲ್ಕು ಅಂಕಿಗಳಿಂದ: ಬಂದ ಅರ್ಜಿ, ಇತ್ಯರ್ಥವಾದದ್ದು, ಒಪ್ಪಿದ್ದು, ಒಟ್ಟು ಎಕ್ರೆ. ಈ ನಾಲ್ಕರಲ್ಲಿ ಅಜ್ಜನ 26 ಸೆಂಟ್ಸ್ ಎಲ್ಲೂ ಕಾಣುವುದಿಲ್ಲ. ಬೆಟ್ಟು ಗದ್ದೆ ಇದ್ದದ್ದು ಬೇರೆ ಸರ್ವೆ ನಂಬ್ರದ ಒಂದು ಭಾಗದಲ್ಲಿ. ಆದೇಶದಲ್ಲಿ "ಭಾಗ" ಎಂದಷ್ಟೇ ಬರೆದರು, ನಕ್ಷೆ ಲಗತ್ತಿಸಲಿಲ್ಲ. ಆಮೇಲೆ ಅಳತೆ ಮಾಡಿ ಪೋಡಿ ಆಗಬೇಕಿತ್ತು, ಹೊಸ ಹಿಸ್ಸಾ ನಂಬ್ರ ಬಂದು ಪಹಣಿ ತಿದ್ದಬೇಕಿತ್ತು. ಆಗಲಿಲ್ಲ. ಆದೇಶ ಕೊಡುವುದು ಒಂದು ಸಂಸ್ಥೆ, ಅಳೆಯುವುದು ಇನ್ನೊಂದು, ಪಹಣಿ ಬರೆಯುವುದು ಮತ್ತೊಂದು. ಮೂವರೂ ತಮ್ಮ ತಮ್ಮ ಲೆಕ್ಕ ಸರಿಯಾಗಿ ಇಟ್ಟಿರಬಹುದು, ಒಬ್ಬರ ಲೆಕ್ಕವನ್ನು ಇನ್ನೊಬ್ಬರದಕ್ಕೆ ತಾಳೆ ನೋಡುವವರು ಇರಲಿಲ್ಲ. ಮಾವ ಹೇಳಿದ್ದು ಇದನ್ನೇ: "ಆರ್ಡರ್ ಕೊಟ್ರು, ಕೈ ಮುಗಿದು ತಗೊಂಡು ಬಂದೆವು. ಗದ್ದೆ ಸರಿಯಾಗಿ ಸಿಕ್ಕಿತಾ ಅಂತ ಆಮೇಲೆ ಯಾರೂ ಬಂದು ಕೇಳ್ಲಿಲ್ಲ."

ಭೂಮಿ ಯೋಜನೆ, ಪ್ರಾಪರ್ಟಿ ಕಾರ್ಡ್

2000ದ ಆಸುಪಾಸಿನಲ್ಲಿ ಬಂದ "ಭೂಮಿ" ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕೌಂಟರಿನಲ್ಲಿ ಪಹಣಿ ಕೈಗೆ ಬರುತ್ತಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನೇ ಕೇಳಿ ಮೌಲ್ಯಮಾಪನ ಮಾಡಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ಶೇ 66, ಭೂಮಿ ಕೌಂಟರಿನಲ್ಲಿ ಶೇ 3. ಅಂಕಿಗಿಂತ ದೊಡ್ಡ ಮಾತು, ಕಚೇರಿಯ ವರದಿಯನ್ನು ಬಿಟ್ಟು ಜನರನ್ನು ಕೇಳಿದ್ದು.

ಆದರೆ ಕೇಳಿದ್ದು ಕೌಂಟರಿನ ಬಗ್ಗೆ. ಪಹಣಿ ಬೇಗ ಸಿಗುತ್ತದೆಯೇ ಎಂದು ಕೇಳಿದರೆ ನಮ್ಮ ಮಾವ ಕೂಡ ಹೌದು ಅನ್ನುತ್ತಾರೆ. ಅದರಲ್ಲಿ ಇರುವುದು ಸರಿಯೇ ಎನ್ನುವುದು ಬೇರೆ ಪ್ರಶ್ನೆ. ಕೈಬರಹದಲ್ಲಿ ಇದ್ದದ್ದನ್ನೇ ಕಂಪ್ಯೂಟರ್ ತೆಗೆದುಕೊಂಡಿತು. ಶಾಸನದ ತಪ್ಪು ಪಾಠವನ್ನು ಸುಂದರವಾದ ಅಕ್ಷರದಲ್ಲಿ ಅಚ್ಚು ಹಾಕಿದರೆ ಪಾಠ ಸರಿಯಾಗುವುದಿಲ್ಲ, ತಪ್ಪಿಗೆ ಗೌರವ ಬರುತ್ತದೆ ಅಷ್ಟೆ. ಮೂಲ ಕಲ್ಲಿಗೆ ಮತ್ತೆ ಹೋಗಿ ನೋಡಬೇಕು ಎಂದು ನಾವು ಪಡಿಯಚ್ಚು ತೆಗೆಯುವುದು ಯಾಕೆ? ಅದೇ ಕಾರಣಕ್ಕೆ.

ನಗರದಲ್ಲಿ ಈಗ ನಡೆಯುತ್ತಿರುವ ಪ್ರಯೋಗ ಯುಪಿಒಆರ್, ಅಂದರೆ ನಗರ ಆಸ್ತಿ ಮಾಲೀಕತ್ವದ ದಾಖಲೆ. ಮಂಗಳೂರು ಇದಕ್ಕೆ ಆಯ್ಕೆಯಾದ ಮೊದಲ ಕೆಲವು ನಗರಗಳಲ್ಲಿ ಒಂದು. ಇಲ್ಲಿ ಜಾಗ ಅಳೆದು, ಕಾಗದ ನೋಡಿ, ಮೊದಲು ಕರಡು ಕಾರ್ಡ್ ಕೊಟ್ಟು, ಆಕ್ಷೇಪಣೆ ಕೇಳಿ, ನಂತರ ಅಂತಿಮ ಕಾರ್ಡ್. ನೆಲ, ಕಾಗದ, ನೆರೆಯವರು ಮೂರನ್ನೂ ಒಟ್ಟಿಗೆ ತರುವ ಈ ಕ್ರಮ ಹಳೆಯ ಶಾಸನ ಕ್ರಮಕ್ಕೆ ಹತ್ತಿರ ಇದೆ. ಇದನ್ನು ಎಷ್ಟು ಕಾರ್ಡ್ ಹಂಚಿದರು ಎಂದು ಅಳೆಯಬೇಡಿ, ಎಷ್ಟು ಆಕ್ಷೇಪಣೆ ಬಂತು, ಅವು ಹೇಗೆ ಮುಗಿದವು ಎಂದು ಅಳೆಯಿರಿ ಅಂತ ನನ್ನ ಸಲಹೆ.

ಶಾಸನ ಕೇಳುವ ಐದು ಪ್ರಶ್ನೆ

ಭೂಮಿಗೆ ಸಂಬಂಧಪಟ್ಟ ಯಾವ ಸಂಸ್ಥೆಯನ್ನು ಅಳೆಯಲು ಹೊರಟರೂ, ಒಂದು ದಾನಶಾಸನವನ್ನು ಎದುರಿಗಿಟ್ಟುಕೊಂಡು ಈ ಐದು ಕೇಳಬಹುದು.

1. ಗಡಿ. ಆದೇಶದಲ್ಲಿ ಹೇಳಿದ ಭೂಮಿ ನೆಲದ ಮೇಲೆ ಗುರುತಿಸಲು ಆಗುತ್ತದೆಯೇ? ನೂರು ಆದೇಶ ತೆಗೆದುಕೊಂಡರೆ ಎಷ್ಟಕ್ಕೆ ನಕ್ಷೆ ಆಗಿದೆ?

2. ತಾಳೆ. ಆದೇಶ, ಅಳತೆ, ಪಹಣಿ ಮೂರೂ ಒಂದನ್ನೇ ಹೇಳುತ್ತವೆಯೇ? ಇದನ್ನು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಊರಿಗೆ ಹತ್ತು ಕಡತ ಚೀಟಿ ಎತ್ತಿ ನೋಡಿದರೂ ಚಿತ್ರ ಸಿಗುತ್ತದೆ.

3. ಹೆಸರು. ಯಾರ ಹೆಸರಿಗೆ ಬಂತು, ಯಾರದು ಬಿಟ್ಟುಹೋಯಿತು? ಅವಿಭಕ್ತ ಕುಟುಂಬದಲ್ಲಿ ಅರ್ಜಿ ಹಾಕಿದ್ದು ಯಜಮಾನ. ಅಳಿಯಸಂತಾನದ ಮನೆಗಳಲ್ಲಿ ಅಕ್ಕತಂಗಿಯರ ಹಕ್ಕು ಆ ಒಂದು ಹೆಸರಿನ ಹಿಂದೆ ಅಡಗಿತು. ಒಕ್ಕಲಿನ ಹೆಸರು ಬರೆಯದ ಹಳೆಯ ಶಾಸನದ ದೋಷ ಇಲ್ಲಿ ಬೇರೆ ರೂಪದಲ್ಲಿ ಮರಳಿದೆ.

4. ಕಾಯುವವರು. ಕೊಟ್ಟ ಸಂಸ್ಥೆ ಮುಚ್ಚಿದ ಮೇಲೆ ಯಾರನ್ನು ಕೇಳಬೇಕು? ಶಾಸನದಲ್ಲಿ ಅದು ಹಲರು, ಸಭೆ, ದೇವಸ್ಥಾನ. ಇಂದು ಒಬ್ಬ ಅರ್ಜಿದಾರ ಎಷ್ಟು ಮೇಜು ದಾಟಬೇಕು?

5. ಕಾಲ. ಶಾಸನ "ಆಚಂದ್ರಾರ್ಕ" ಎನ್ನುತ್ತದೆ, ಚಂದ್ರ ಸೂರ್ಯರು ಇರುವವರೆಗೆ. ಭೂಸುಧಾರಣಾ ಕಾಯ್ದೆಯ 61ನೇ ಕಲಂ ಹದಿನೈದು ವರ್ಷ ಮಾರಾಟ ಮಾಡಬಾರದು ಎಂದಿತು. ಆ ಹದಿನೈದು ವರ್ಷದ ನಂತರ ಭೂಮಿ ಯಾರ ಕೈಯಲ್ಲಿದೆ? ಮಂಗಳೂರಿನ ಸುತ್ತ ಗದ್ದೆಗಳೆಲ್ಲ ಬಡಾವಣೆಯಾದ ಈ ಕಾಲದಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ.

ಈ ಐದರಲ್ಲಿ ಯಾವುದಕ್ಕೂ ಇತ್ಯರ್ಥವಾದ ಅರ್ಜಿಗಳ ಸಂಖ್ಯೆ ಉತ್ತರ ಅಲ್ಲ.

ಮತ್ತೆ ಆ 26 ಸೆಂಟ್ಸ್

ಮಾವನ ಕೆಲಸಕ್ಕೆ ನಾನು ಮಾಡಿದ್ದು ಶಾಸನ ಓದುವವರು ಮಾಡುವುದನ್ನೇ. ಸರ್ವೆ ನಂಬ್ರದ ಗೊಂದಲ ಬದಿಗಿಟ್ಟು ಸ್ಥಳ ಮಹಜರು ಓದಿದೆ. ಮಸುಕಾದ ಕಾರ್ಬನ್ ಪ್ರತಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಸವೆದ ಕಲ್ಲಿಗೆ ಅಡ್ಡ ಬೆಳಕು ಬಿಟ್ಟಾಗ ಆಗುವ ಹಾಗೆ, ಒತ್ತಿದ ಅಕ್ಷರ ಎದ್ದು ಕಾಣುತ್ತದೆ. ಮೂಡಕ್ಕೆ ತೋಡು, ತೆಂಕಕ್ಕೆ ಓಣಿ, ಪಡುವಕ್ಕೆ ಕಟ್ಟಪುಣಿ, ಬಡಗಕ್ಕೆ ಗುಡ್ಡೆಯ ಅಗಳು. ಅಪ್ಪಟ ಚತುಸ್ಸೀಮೆ! ಬರೆದ ಗುಮಾಸ್ತನಿಗೆ ತಾನು ಸಾವಿರ ವರ್ಷದ ಪದ್ಧತಿಯನ್ನು ಮುಂದುವರಿಸುತ್ತಿದ್ದೇನೆ ಎಂದು ಗೊತ್ತಿತ್ತೋ ಇಲ್ಲವೋ.

ಸ್ಥಳಕ್ಕೆ ಹೋಗಿ ನೋಡಿದೆವು. ಓಣಿಗೆ ಈಗ ಕಾಂಕ್ರೀಟ್ ಬಿದ್ದಿದೆ, ಉಳಿದ ಮೂರೂ ಗಡಿ ಹಾಗೆಯೇ ಇವೆ. ಪೋಡಿಗೆ ಅರ್ಜಿ ಹಾಕಿದೆವು. ಸರ್ವೆಯವರು ಬಂದು ಅಳೆದಾಗ ವರ್ಗದಾರರ ಮೊಮ್ಮಗನೂ ಬಂದು ನಿಂತಿದ್ದರು. "ಇದು ನಿಮ್ಮದೇ ಅಂತ ನಮ್ಮ ಅಜ್ಜ ಹೇಳ್ತಿದ್ರು, ನಂದೇನೂ ತಕರಾರಿಲ್ಲ" ಎಂದು ಸಹಿ ಹಾಕಿದರು. ಅಳತೆಗೆ ಬಂದದ್ದು 25 ಸೆಂಟ್ಸ್ ಚಿಲ್ಲರೆ. ಪಹಣಿ ಇನ್ನೂ ತಿದ್ದಿಲ್ಲ, ಕಡತ ಒಂದು ಮೇಜಿನಲ್ಲಿ ಉಂಟು. ಮಾವನಿಗೆ ಈಗ ಎಪ್ಪತ್ತಾರು.

ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಇಂಥ ಆದೇಶ ಇದ್ದರೆ ಒಮ್ಮೆ ಹೊರತೆಗೆಯಿರಿ. ಪಹಣಿಯ ಪಕ್ಕ ಇಟ್ಟು ಸಾಲು ಸಾಲು ತಾಳೆ ನೋಡಿ. ಮಹಜರು ಎಸೆಯಬೇಡಿ, ಅದರಲ್ಲಿ ನಿಮ್ಮ ಗಡಿ ಇದೆ. ಎರಡೂ ಪುಟದ ಫೋಟೊ ತೆಗೆದಿಡಿ. ಗಡಿ ತೋರಿಸಬಲ್ಲ ಹಿರಿಯರು ಇರುವಾಗಲೇ ಸ್ಥಳಕ್ಕೆ ಹೋಗಿ ಬನ್ನಿ.